ಗಾಳಿ-ಮಳೆಗೆ ಮುನ್ನ ವಾಸದ ಕಟ್ಟಡಗಳ ಸುರಕ್ಷತಾ ಪರಿಶೀಲನೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

1. ಪಾಠದ ಉದ್ದೇಶ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಕೈಗಾರಿಕಾ ಪ್ರದೇಶಗಳ ಅಂಚಿನಲ್ಲಿರುವ ಗ್ರಾಮ ಪಂಚಾಯತಿಗಳ ಸ್ವರೂಪ ಕಳೆದ ಎರಡು ದಶಕಗಳಲ್ಲಿ ಬಹಳವಾಗಿ ಬದಲಾಗಿದೆ. ಬಿದರಹಳ್ಳಿ ಹೋಬಳಿಯಲ್ಲಾಗಲಿ, ದಾಸನಪುರ ಹೋಬಳಿಯಲ್ಲಾಗಲಿ, ಆನೇಕಲ್ ತಾಲ್ಲೂಕಿನ ಗ್ರಾಮಗಳಲ್ಲಾಗಲಿ ರಾಗಿ ಹೊಲವಿದ್ದ ಸ್ಥಳದಲ್ಲಿ ಇಂದು ಶೀಟು ಹೊದಿಸಿದ ಬಾಡಿಗೆ ವಠಾರಗಳು ಎದ್ದಿವೆ. ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು, ಕಟ್ಟಡ ಕಾರ್ಮಿಕರು, ಸ್ವಚ್ಛತೆ ಮತ್ತು ಕಾವಲು ಸಿಬ್ಬಂದಿ ತಮ್ಮ ಕುಟುಂಬದೊಡನೆ ಇಲ್ಲಿ ವಾಸಿಸುತ್ತಾರೆ.

ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ಅವಧಿಯಲ್ಲಿ, ಸಂಜೆಯ ಹೊತ್ತಿಗೆ ಬಿರುಗಾಳಿ, ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲಿನೊಡನೆ ಮಳೆ ಸುರಿಯುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬುದು ರೈತರ ಮಾತು. ಶೀಟಿನ ಕೊಠಡಿಯಲ್ಲಿರುವ ಕುಟುಂಬಕ್ಕಾದರೋ ಅದೇ ಮಳೆ ಆತಂಕದ ಕಾಲ. ಛಾವಣಿ ಹಾರುವುದು, ಗೋಡೆ ಕುಸಿಯುವುದು, ಕೊಠಡಿಗೆ ನುಗ್ಗಿದ ನೀರಿನಲ್ಲಿ ವಿದ್ಯುತ್ ಹರಿಯುವುದು ಆ ಕೆಲವೇ ನಿಮಿಷಗಳಲ್ಲಿ ನಡೆದುಹೋಗುತ್ತದೆ.

ಈ ಪಾಠವನ್ನು ಅಧ್ಯಯನ ಮಾಡಿದ ಸದಸ್ಯರು ಮೂರು ವಿಷಯಗಳನ್ನು ತಿಳಿದುಕೊಳ್ಳುವರು: ಗಾಳಿ-ಮಳೆಗೆ ಕಟ್ಟಡ ಎಲ್ಲಿ ಸೋಲುತ್ತದೆ, ಅದನ್ನು ಮೊದಲೇ ಗುರುತಿಸುವ ಬಗೆ ಯಾವುದು, ಗುರುತಿಸಿದ ನಂತರ ಗ್ರಾಮ ಪಂಚಾಯತಿ ಕೈಗೊಳ್ಳಬೇಕಾದ ಕ್ರಮವೇನು.

2. ಎರಡು ದಿನಗಳ ಪಾಠ

2024ರ ಅಕ್ಟೋಬರ್ 22ರಂದು ಬೆಂಗಳೂರು ಪೂರ್ವ ಭಾಗದ ಬಾಬುಸಾಪಾಳ್ಯದಲ್ಲಿ, ಸತತ ಮಳೆಯ ನಡುವೆ, ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡವೊಂದು ಕುಸಿಯಿತು. ಒಳಗಿದ್ದ ಹಲವು ಕಾರ್ಮಿಕರು ಅವಶೇಷಗಳಡಿ ಸಿಲುಕಿ ಮೃತಪಟ್ಟರು. ಅವರಲ್ಲಿ ಹೊರರಾಜ್ಯಗಳಿಂದ ದುಡಿಯಲು ಬಂದವರೂ ಇದ್ದರು.

2025ರ ಮೇ 19ರಂದು, ಒಂದು ರಾತ್ರಿಯ ಭಾರಿ ಮಳೆಯ ಬಳಿಕ, ಮಹದೇವಪುರ ಭಾಗದಲ್ಲಿ ಕಾಂಪೌಂಡ್ ಗೋಡೆಯೊಂದು ಕುಸಿದು, ಸ್ವಚ್ಛತಾ ಕೆಲಸಕ್ಕೆ ಬಂದಿದ್ದ ಮಹಿಳೆಯೊಬ್ಬರು ಮೃತಪಟ್ಟರು. ಅದೇ ದಿನ ಬಿಟಿಎಂ ಬಡಾವಣೆಯ ವಸತಿ ಸಮುಚ್ಚಯವೊಂದರಲ್ಲಿ ನೆಲಮಾಳಿಗೆಯ ನೀರನ್ನು ಹೊರಹಾಕುವ ಸಂದರ್ಭದಲ್ಲಿ ವಿದ್ಯುತ್ ಸ್ಪರ್ಶದಿಂದ ಇಬ್ಬರು ಅಸುನೀಗಿದರು. ಅವರಲ್ಲೊಬ್ಬನು ಬಾಲಕ.

ಈ ಸ್ಥಳಗಳು ನಗರ ಪಾಲಿಕೆಯ ವ್ಯಾಪ್ತಿಯವು. ಆದರೆ ಅದೇ ಬಗೆಯ ಗೋಡೆ, ಅದೇ ಬಗೆಯ ಪಂಪು, ಅದೇ ಬಗೆಯ ಕಟ್ಟಡ ಪಕ್ಕದ ಗ್ರಾಮ ಪಂಚಾಯತಿಗಳಲ್ಲಿಯೂ ಇವೆ. ಮೃತಪಟ್ಟವರು ಯಾರೂ ಅಪಾಯವನ್ನು ಹುಡುಕಿಕೊಂಡು ಹೋದವರಲ್ಲ. ಕೆಲಸದ ಸ್ಥಳದಲ್ಲಿ ಅಥವಾ ವಾಸದ ಆವರಣದಲ್ಲಿ ಇದ್ದವರು. ಅಪಾಯ ಕಟ್ಟಡದಲ್ಲಿ ಮೊದಲೇ ಇತ್ತು. ಮಳೆ ಅದನ್ನು ಹೊರಗೆಡವಿತು.

3. ಆಶ್ರಯ ಕೊಠಡಿ ಎಂಬ ಕಲ್ಪನೆ

ಅಮೆರಿಕದ ಸುಂಟರಗಾಳಿ ಪೀಡಿತ ರಾಜ್ಯಗಳಲ್ಲಿ ಮನೆಯೊಳಗೆ ಅಥವಾ ಹಿತ್ತಿಲಿನಲ್ಲಿ ಪ್ರತ್ಯೇಕ ಆಶ್ರಯ ಕೊಠಡಿಯನ್ನು ನಿರ್ಮಿಸುವ ರೂಢಿಯಿದೆ. ಅದಕ್ಕೆ ಐಸಿಸಿ 500 ಎಂಬ ಮಾನದಂಡವಿದೆ. ಅತಿ ಹೆಚ್ಚು ಅಪಾಯದ ವಲಯದಲ್ಲಿ ಗಂಟೆಗೆ 250 ಮೈಲಿ, ಅಂದರೆ ಸುಮಾರು 400 ಕಿ.ಮೀ. ವೇಗದ ಗಾಳಿಯನ್ನು ಅದು ತಡೆಯಬೇಕು. ಗಾಳಿಯಲ್ಲಿ ಹಾರಿಬರುವ ಮರದ ತೊಲೆ ಬಡಿದರೂ ಗೋಡೆ ಮತ್ತು ಬಾಗಿಲು ತೂತಾಗಬಾರದು ಎಂಬುದೂ ಪರೀಕ್ಷೆಯ ಭಾಗ. ಕಟ್ಟಿದವನ ಮಾತೇ ಸಾಕು ಎಂದು ಬಿಡದೆ ವಿನ್ಯಾಸ, ತಳಪಾಯಕ್ಕೆ ಜೋಡಿಸಿದ ಬೋಲ್ಟು, ಬಾಗಿಲಿನ ಚಿಲಕ ಇವುಗಳನ್ನು ಪರಿಶೀಲಿಸಿ ದಾಖಲಿಸುವುದು ಅಲ್ಲಿನ ಕ್ರಮ.

ನಮ್ಮ ರಾಜ್ಯದ ಕರಾವಳಿಯಲ್ಲಿಯೂ ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೇ ಹಂತದಲ್ಲಿ ಬಹುಉದ್ದೇಶ ಆಶ್ರಯ ಕಟ್ಟಡಗಳು ನಿರ್ಮಾಣವಾಗಿವೆ. ಬೆಂಗಳೂರಿನ ಸುತ್ತ ಅಂತಹ ಕಟ್ಟಡಗಳನ್ನು ಕಟ್ಟುವ ಪದ್ಧತಿಯಿಲ್ಲ. ಇಲ್ಲಿನ ಗಾಳಿಗೆ ಅದರ ಅವಶ್ಯಕತೆಯೂ ಇಲ್ಲ. ಇಲ್ಲಿ ವಾಸದ ಕೊಠಡಿಯೇ ಆಶ್ರಯ. ಗಾಳಿ ಎದ್ದಾಗ ಜನ ಓಡಿ ಸೇರುವುದು ತಮ್ಮ ಹತ್ತಡಿ ಕೊಠಡಿಗೇ. ಆದ್ದರಿಂದ ಅಲ್ಲಿ ಆಶ್ರಯ ಕೊಠಡಿಗೆ ನಡೆಯುವ ಪರಿಶೀಲನೆ ಇಲ್ಲಿ ವಾಸದ ಕೊಠಡಿಗೇ ನಡೆಯಬೇಕಾಗುತ್ತದೆ.

4. ಗ್ರಾಮ ಪಂಚಾಯತಿಯ ಹೊಣೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಪ್ರಕರಣದಂತೆ, ಗ್ರಾಮ ಪಂಚಾಯತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಕಟ್ಟಡ ಕಟ್ಟುವಂತಿಲ್ಲ. ಇರುವ ಕಟ್ಟಡವನ್ನು ಮಾರ್ಪಡಿಸುವಂತಿಲ್ಲ, ವಿಸ್ತರಿಸುವಂತಿಲ್ಲ.

ವಿಪತ್ತು ನಿರ್ವಹಣಾ ಅಧಿನಿಯಮ 2005ರ 41ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಹೇಳುತ್ತದೆ. ತನ್ನ ಅಧಿಕಾರಿ ಮತ್ತು ನೌಕರರಿಗೆ ವಿಪತ್ತು ನಿರ್ವಹಣೆಯ ತರಬೇತಿ ದೊರೆಯುವಂತೆ ನೋಡಿಕೊಳ್ಳುವುದು, ಸಲಕರಣೆಗಳನ್ನು ಬಳಕೆಗೆ ಸಿದ್ಧವಾಗಿಡುವುದು, ತನ್ನ ವ್ಯಾಪ್ತಿಯ ನಿರ್ಮಾಣಗಳು ವಿಪತ್ತು ತಡೆಗೆ ನಿಗದಿಪಡಿಸಿದ ಮಾನದಂಡಗಳಿಗೆ ಅನುಗುಣವಾಗಿರುವಂತೆ ಖಚಿತಪಡಿಸಿಕೊಳ್ಳುವುದು ಇವು ಅವುಗಳಲ್ಲಿ ಮುಖ್ಯವಾದವು. ಆದ್ದರಿಂದ ಶೀಟು ಹಾರಿದ ಮೇಲೆ ಪರಿಹಾರದ ಅರ್ಜಿಯನ್ನು ಕಂದಾಯ ಇಲಾಖೆಗೆ ರವಾನಿಸುವುದರಲ್ಲಿ ಪಂಚಾಯತಿಯ ಹೊಣೆ ಮುಗಿಯುವುದಿಲ್ಲ.

5. ಛಾವಣಿ ಏಕೆ ಹಾರುತ್ತದೆ: ಒಂದು ಸರಳ ಲೆಕ್ಕ

ಗಾಳಿಯು ಛಾವಣಿಯನ್ನು ಕೆಳಕ್ಕೆ ಒತ್ತುತ್ತದೆ ಎಂಬುದು ಸಾಮಾನ್ಯ ಭಾವನೆ. ಕಡಿಮೆ ಇಳಿಜಾರಿನ ಶೀಟು ಛಾವಣಿಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಮೇಲೆ ವೇಗವಾಗಿ ಸಾಗುವ ಗಾಳಿ ಶೀಟನ್ನು ಮೇಲಕ್ಕೆ ಹೀರುತ್ತದೆ. ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಅದನ್ನು ಎತ್ತುತ್ತದೆ.

ಭಾರತೀಯ ಮಾನಕ ಐಎಸ್ 875 (ಭಾಗ 3) 2015ರ ಪ್ರಕಾರ ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಟ್ಟಡದ ಎತ್ತರ, ಸುತ್ತಲಿನ ಪ್ರದೇಶ, ಛಾವಣಿಯ ಆಕಾರ ಇವುಗಳಿಗೆ ತಕ್ಕಂತೆ ಇಂಜಿನಿಯರು ಈ ಅಂಕಿಯನ್ನು ಹೊಂದಿಸಿಕೊಳ್ಳುತ್ತಾರೆ. ಸದಸ್ಯರ ತಿಳಿವಳಿಕೆಗೆ ಸ್ಥೂಲ ಲೆಕ್ಕ ಸಾಕು.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೊಠಡಿಯ ಛಾವಣಿ ಸುಮಾರು 9.3 ಚದರ ಮೀಟರ್. ಅದರ ಮೇಲಿನ ಅರ್ಧ ಮಿ.ಮೀ. ದಪ್ಪದ ಕಬ್ಬಿಣದ ಶೀಟಿನ ತೂಕ ಚದರ ಮೀಟರಿಗೆ 5 ಕೆ.ಜಿ.ಯಂತೆ ಸುಮಾರು 45 ಕೆ.ಜಿ.

ಗಾಳಿ ಗಂಟೆಗೆ 72 ಕಿ.ಮೀ. ವೇಗದಲ್ಲಿದ್ದಾಗ ಒತ್ತಡ ಚದರ ಮೀಟರಿಗೆ ಸುಮಾರು 24 ಕೆ.ಜಿ. ಭಾರದಷ್ಟು. ಇದೇ ಪ್ರಮಾಣದಲ್ಲಿ ಹೀರಿದರೆ ಇಡೀ ಛಾವಣಿಯನ್ನು ಎತ್ತುವ ಬಲ ಸುಮಾರು 225 ಕೆ.ಜಿ. ವೇಗ 119 ಕಿ.ಮೀ. ಮುಟ್ಟಿದರೆ ಅದು ಸುಮಾರು 620 ಕೆ.ಜಿ. ಆಗುತ್ತದೆ.

ಶೀಟು ಹಾರದಿರಲೆಂದು ಮೇಲೆ ಕಲ್ಲು ಹೇರುವ ಪದ್ಧತಿ ಎಲ್ಲೆಡೆ ಇದೆ. ತಲಾ 15 ಕೆ.ಜಿ.ಯ ನಾಲ್ಕು ಕಲ್ಲುಗಳನ್ನು ಇಟ್ಟರೂ ಶೀಟಿನ ತೂಕ ಸೇರಿ 105 ಕೆ.ಜಿ. ಮಾತ್ರ. 225 ಕೆ.ಜಿ.ಯ ಬಲದ ಮುಂದೆ ಅದು ನಿಲ್ಲದು. ಶೀಟು ಎದ್ದಾಗ ಆ ಕಲ್ಲುಗಳು ಒಳಗೆ ಮಲಗಿರುವವರ ಮೇಲೆ ಬೀಳುತ್ತವೆ. ಕಲ್ಲು ರಕ್ಷಣೆಯಲ್ಲ, ಅದು ಇನ್ನೊಂದು ಅಪಾಯ.

ಶೀಟನ್ನು ಪೈಪಿಗೆ ಭದ್ರವಾಗಿ ಸ್ಕ್ರೂ ಮಾಡಿದರೆ ಸಮಸ್ಯೆ ಮುಗಿಯಿತೇ? ಇಲ್ಲ. ಈಗ ಗಾಳಿ ಶೀಟಿನೊಡನೆ ಪೈಪನ್ನೂ ಎತ್ತುತ್ತದೆ. ಕೊಠಡಿಗೆ ಮೂರು ಪೈಪುಗಳಿದ್ದರೆ ನಡುವಿನ ಪೈಪಿನ ಪಾಲಿಗೆ ಛಾವಣಿಯ ಅರ್ಧ ಭಾರ, ಅಂದರೆ 310 ಕೆ.ಜಿ.; ಒಂದೊಂದು ತುದಿಗೆ 155 ಕೆ.ಜಿ. ಸಾಲು ಕೊಠಡಿಗಳಲ್ಲಿ ನಡುಗೋಡೆಯ ಮೇಲೆ ಎರಡೂ ಕಡೆಯ ಪೈಪುಗಳು ಕೂರುವುದರಿಂದ ಆ ಒಂದು ಬಿಂದುವಿನಲ್ಲಿ ಎಳೆತ ಪುನಃ 310 ಕೆ.ಜಿ. ಒಂದು ಆರು ಇಂಚಿನ ಸಾಲಿಡ್ ಬ್ಲಾಕಿನ ತೂಕ ಸುಮಾರು 24 ಕೆ.ಜಿ. ಆದ್ದರಿಂದ ಅಲ್ಲಿ 13 ಬ್ಲಾಕುಗಳ ತೂಕವನ್ನು ಪೈಪು ಹಿಡಿದಿರಬೇಕು. ಆದರೆ ಬಹುತೇಕ ವಠಾರಗಳಲ್ಲಿ ಪೈಪಿನ ತುದಿಯನ್ನು ಮೇಲಿನ ಒಂದು ಸಾಲಿನ ಮೇಲಿಟ್ಟು ಗಾರೆ ಮೆತ್ತಿರುತ್ತಾರೆ. ಗಾಳಿಗೆ ಶೀಟು, ಪೈಪು, ಮೇಲಿನ ಬ್ಲಾಕು ಮೂರೂ ಒಟ್ಟಿಗೆ ಕಿತ್ತುಬರುವುದು ಈ ಕಾರಣದಿಂದ.

ಇದರಿಂದ ತಿಳಿಯಬೇಕಾದ ತತ್ವ ಒಂದೇ. ಶೀಟಿನಿಂದ ಪೈಪಿಗೆ, ಪೈಪಿನಿಂದ ಗೋಡೆಗೆ, ಗೋಡೆಯಿಂದ ತಳಪಾಯಕ್ಕೆ ಹಿಡಿತ ಸರಪಣಿಯಂತೆ ಸಾಗಬೇಕು. ಸರಪಣಿಯ ಯಾವ ಕೊಂಡಿ ದುರ್ಬಲವೋ ಅಲ್ಲಿಯೇ ಕಟ್ಟಡ ಸೋಲುತ್ತದೆ. ಪರಿಶೀಲನೆ ಎಂದರೆ ಆ ಕೊಂಡಿಯನ್ನು ಹುಡುಕುವುದು.

6. ಪರಿಶೀಲಿಸಬೇಕಾದ ಅಂಶಗಳು

(ಅ) ಛಾವಣಿ: ಪ್ರತಿ ಪೈಪಿನ ಮೇಲೆ ಶೀಟಿಗೆ ಸ್ಕ್ರೂ ಅಥವಾ ಜೆ ಹುಕ್ ಇದೆಯೇ? ಅಂಚು ಮತ್ತು ಮೂಲೆಗಳಲ್ಲಿ ಹೀರುವ ಬಲ ಹೆಚ್ಚಾದ್ದರಿಂದ ಅಲ್ಲಿ ಹುಕ್ಕುಗಳು ಹತ್ತಿರ ಹತ್ತಿರ ಇವೆಯೇ? ವಾಷರ್ ಸುತ್ತ ತುಕ್ಕು ಹಿಡಿದು ತೂತು ಅಗಲವಾಗಿದೆಯೇ? ಗೋಡೆಯಿಂದ ಹೊರಚಾಚಿದ ಶೀಟಿಗೆ ಆಧಾರವಿದೆಯೇ? ಸಿಮೆಂಟ್ ಶೀಟು ಬಿರುಕು ಬಿಟ್ಟಿದೆಯೇ? ಸಿಮೆಂಟ್ ಶೀಟಿನ ಮೇಲೆ ಯಾರೂ ನೇರವಾಗಿ ಕಾಲಿಡಬಾರದು. ಅದು ಸೂಚನೆಯಿಲ್ಲದೆ ಮುರಿಯುತ್ತದೆ.

(ಆ) ಪೈಪು ಮತ್ತು ಗೋಡೆ: ಪೈಪಿನ ತುದಿಯನ್ನು ಕಬ್ಬಿಣದ ಸರಳಿನಿಂದ ಕೆಳಗಿನ ಸಾಲುಗಳಿಗೆ ಅಥವಾ ಕಾಂಕ್ರೀಟ್ ಬೆಲ್ಟಿಗೆ ಬಿಗಿಯಲಾಗಿದೆಯೇ? ಬೆಸುಗೆ ಬಿಟ್ಟಿದೆಯೇ? ಗೋಡೆಯ ಮೂಲೆಗಳಲ್ಲಿ ಬ್ಲಾಕುಗಳು ಒಂದಕ್ಕೊಂದು ಹೆಣೆದುಕೊಂಡಿವೆಯೇ, ಅಥವಾ ನೇರ ಬಿರುಕು ಇಳಿದಿದೆಯೇ?

(ಇ) ಕಾಂಪೌಂಡ್ ಗೋಡೆ: ನಡುನಡುವೆ ಕಂಬಗಳಿವೆಯೇ? ಗೋಡೆ ಒಂದು ಕಡೆಗೆ ವಾಲಿದೆಯೇ? ಒಂದು ಬದಿಯಲ್ಲಿ ಮಣ್ಣು ಅಥವಾ ಕಟ್ಟಡದ ತ್ಯಾಜ್ಯ ಸುರಿಯಲಾಗಿದೆಯೇ? ನೀರು ಹೊರಹೋಗಲು ಬುಡದಲ್ಲಿ ತೂತುಗಳಿವೆಯೇ? ಗೋಡೆಯ ಹಿಂದೆ ಮೂರು ಅಡಿ ನೀರು ನಿಂತರೆ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 400 ಕೆ.ಜಿ.ಯಷ್ಟು ಪಕ್ಕದ ಒತ್ತಡ ಬೀಳುತ್ತದೆ. ಆವರಣ ಗುರುತಿಸಲೆಂದು ಕಟ್ಟಿದ ಆರು ಇಂಚಿನ ಗೋಡೆ ಇದನ್ನು ತಡೆಯಲು ಉದ್ದೇಶಿಸಿದ್ದಲ್ಲ. ಅಂತಹ ಗೋಡೆಗೆ ಒರಗಿಸಿ ಕಟ್ಟಿದ ಗುಡಿಸಲು ಅಥವಾ ಶೆಡ್ಡು ಇದ್ದರೆ ಅದನ್ನು ಮೊದಲ ಆದ್ಯತೆಯ ಅಪಾಯವೆಂದು ದಾಖಲಿಸಬೇಕು.

(ಈ) ನೀರಿನ ಟ್ಯಾಂಕು: ಸಾವಿರ ಲೀಟರಿನ ಟ್ಯಾಂಕು ತುಂಬಿದಾಗ ಒಂದು ಟನ್ ಭಾರ. ಅದು ಗೋಡೆಯ ಅಂಚಿನಲ್ಲಿದೆಯೇ, ಅದರ ಕಟ್ಟೆ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಖಾಲಿ ಟ್ಯಾಂಕು ಗಾಳಿಗೆ ಉರುಳುವುದರಿಂದ ಕಟ್ಟಿರಬೇಕು.

(ಉ) ವಿದ್ಯುತ್: ಅರ್ಥಿಂಗ್ ಇದೆಯೇ? ವಠಾರದ ಮುಖ್ಯ ಫಲಕದಲ್ಲಿ ಸೋರಿಕೆ ವಿದ್ಯುತ್ ಕಡಿತಗೊಳಿಸುವ 30 ಮಿಲಿ ಆಂಪಿಯರ್ ಸಾಧನ ಅಳವಡಿಸಿದೆಯೇ, ಅದರ ಪರೀಕ್ಷಾ ಗುಂಡಿ ಒತ್ತಿದಾಗ ಅದು ಬೀಳುತ್ತದೆಯೇ? ತಂತಿ ನೇರವಾಗಿ ಶೀಟು ಅಥವಾ ಪೈಪನ್ನು ತಾಗಿಕೊಂಡು ಹೋಗಿದೆಯೇ? ಸಂಪಿನ ಪಂಪಿನ ತಂತಿಯಲ್ಲಿ ಟೇಪು ಸುತ್ತಿದ ಜೋಡಣೆ ಇದೆಯೇ? ಮೇಲೆ ಹಾದುಹೋಗುವ ಕಡಿಮೆ ಒತ್ತಡದ ವಿದ್ಯುತ್ ಮಾರ್ಗಕ್ಕೆ ಛಾವಣಿಯಿಂದ ಲಂಬವಾಗಿ 2.5 ಮೀಟರ್, 11 ಕೆ.ವಿ. ಮಾರ್ಗಕ್ಕೆ 3.7 ಮೀಟರ್, ಇವೆರಡಕ್ಕೂ ಅಡ್ಡಲಾಗಿ 1.2 ಮೀಟರ್ ಅಂತರವಿರಬೇಕು. ಕಡಿಮೆ ಕಂಡರೆ ಬೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸಬೇಕು.

(ಊ) ಮರ: ಒಣಗಿದ ಕೊಂಬೆ, ಬೇರು ಕತ್ತರಿಸಿದ ಮರ, ಬುಡಕ್ಕೆ ಕಾಂಕ್ರೀಟ್ ಸುರಿದ ಮರಗಳನ್ನು ಗುರುತಿಸಬೇಕು. ಕಡಿಯುವ ಮೊದಲು ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮ 1976ರಡಿ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು.

(ಋ) ಹೊರದಾರಿ: ರಾತ್ರಿ ಕತ್ತಲಲ್ಲಿ, ವಿದ್ಯುತ್ ಕಡಿತವಾದಾಗ, ಮಕ್ಕಳೊಡನೆ ಹೊರಬರಲು ದಾರಿ ತೆರವಾಗಿದೆಯೇ? ವಠಾರದ ಗೇಟಿಗೆ ರಾತ್ರಿ ಬೀಗ ಹಾಕುವುದಾದರೆ ಕೀಲಿ ಯಾರ ಬಳಿ ಇರುತ್ತದೆ?

7. ಪರಿಶೀಲನೆಯ ವಿಧಾನ

ಮೊದಲ ಹಂತ, ನಿರ್ಣಯ. ಮಾರ್ಚ್ ತಿಂಗಳ ಸಾಮಾನ್ಯ ಸಭೆಯಲ್ಲಿ ವಿಷಯವನ್ನು ಮಂಡಿಸಿ ನಿರ್ಣಯ ಅಂಗೀಕರಿಸಬೇಕು. ಏಪ್ರಿಲ್ ಎರಡನೇ ವಾರದೊಳಗೆ ಮೊದಲ ಸುತ್ತು ಮುಗಿಯುವಂತೆ ದಿನಾಂಕ ನಿಗದಿಪಡಿಸಬೇಕು.

ಎರಡನೇ ಹಂತ, ಪಟ್ಟಿ. ತೆರಿಗೆ ಪುಸ್ತಕದಲ್ಲಿರುವ ಆಸ್ತಿಗಳಷ್ಟನ್ನೇ ನೋಡಿದರೆ ಅಪಾಯದ ಕಟ್ಟಡಗಳು ಕೈಬಿಟ್ಟು ಹೋಗುತ್ತವೆ. ನೀರುಗಂಟಿಗೆ ಯಾವ ವಠಾರಕ್ಕೆ ಎಷ್ಟು ನಲ್ಲಿ ಎಂಬುದು ಗೊತ್ತಿರುತ್ತದೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಯಾವ ಕೊಠಡಿಯಲ್ಲಿ ಬಾಣಂತಿ, ಹಸುಗೂಸು, ವೃದ್ಧರು ಇದ್ದಾರೆ ಎಂಬುದು ಗೊತ್ತಿರುತ್ತದೆ. ಇವರ ಮಾಹಿತಿಯಿಂದ ಪಟ್ಟಿಯನ್ನು ಪೂರ್ಣಗೊಳಿಸಬೇಕು.

ಮೂರನೇ ಹಂತ, ತಂಡ. ವಾರ್ಡಿನ ಸದಸ್ಯರು, ಕರ ವಸೂಲಿಗಾರರು, ನೀರುಗಂಟಿ, ಒಬ್ಬ ಮಹಿಳಾ ಸದಸ್ಯೆ ಅಥವಾ ಆಶಾ ಕಾರ್ಯಕರ್ತೆ ತಂಡದಲ್ಲಿರಬೇಕು. ಸಂಶಯಾಸ್ಪದ ಕಟ್ಟಡಗಳಿಗೆ ಮಾತ್ರ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಇಂಜಿನಿಯರನ್ನು ಕೋರಬೇಕು. ಬಿರುಕು ಕಾಣುವುದು ಯಾರಿಗಾದರೂ ಸಾಧ್ಯ. ಆ ಬಿರುಕು ಅಪಾಯಕಾರಿಯೇ ಎಂದು ತೀರ್ಮಾನಿಸುವುದು ಇಂಜಿನಿಯರ ಕೆಲಸ. ಈ ಗಡಿಯನ್ನು ತಂಡ ಮೀರಬಾರದು.

ನಾಲ್ಕನೇ ಹಂತ, ಭೇಟಿ. ಮೂರು ದಿನ ಮೊದಲು ಮಾಲೀಕರಿಗೂ ಬಾಡಿಗೆದಾರರಿಗೂ ತಿಳಿಸಬೇಕು. ರಾತ್ರಿ ಪಾಳಿಯವರು ಹಗಲು ಮಲಗಿರುತ್ತಾರೆ. ಭಾನುವಾರ ಬೆಳಗ್ಗೆ ಭೇಟಿಗೆ ಅನುಕೂಲಕರ. ಕನ್ನಡ ಬಾರದ ಕುಟುಂಬಗಳಿಗೆ ಚಿತ್ರವಿರುವ ಸೂಚನಾ ಪತ್ರ ಕೊಡಬೇಕು. ಅದೇ ವಠಾರದಲ್ಲಿ ಎರಡೂ ಭಾಷೆ ಬಲ್ಲವರೊಬ್ಬರ ನೆರವು ಪಡೆಯಬೇಕು.

ಐದನೇ ಹಂತ, ವರ್ಗೀಕರಣ. ಹಸಿರು: ದೋಷವಿಲ್ಲ. ಹಳದಿ: ದುರಸ್ತಿ ಅಗತ್ಯ, 15 ದಿನ ಅವಧಿ. ಕೆಂಪು: ವಾಸಕ್ಕೆ ಯೋಗ್ಯವಲ್ಲ, ಇಂಜಿನಿಯರ ವರದಿ ಮತ್ತು ತಾಲ್ಲೂಕು ಆಡಳಿತಕ್ಕೆ ತಕ್ಷಣದ ಮಾಹಿತಿ. ಪ್ರತಿ ದೋಷಕ್ಕೂ ಛಾಯಾಚಿತ್ರ, ದಿನಾಂಕ, ಮಾಲೀಕರ ಸಹಿ ಇರಬೇಕು. ಮಾಲೀಕರು ಸಹಿಗೆ ನಿರಾಕರಿಸಿದರೆ ಆ ವಿಷಯವನ್ನೇ ದಾಖಲಿಸಿ ಇಬ್ಬರು ಸಾಕ್ಷಿಗಳ ಸಹಿ ಪಡೆಯಬೇಕು.

ಆರನೇ ಹಂತ, ಮರುಪರಿಶೀಲನೆ. ಅವಧಿ ಮುಗಿದ ಮರುದಿನವೇ ತಂಡ ಪುನಃ ಹೋಗಬೇಕು. ಮರುಪರಿಶೀಲನೆಯಿಲ್ಲದ ನೋಟಿಸು ಕಡತಕ್ಕೆ ಸೇರಿದ ಕಾಗದವಷ್ಟೆ. ದುರಸ್ತಿಯಾಗದ ಪ್ರಕರಣಗಳನ್ನು ಮುಂದಿನ ಸಭೆಯಲ್ಲಿ ಒಂದೊಂದಾಗಿ ಓದಿ ಕ್ರಮ ನಿರ್ಧರಿಸಬೇಕು.

8. ಎದುರಾಗುವ ತೊಡಕುಗಳು: ಒಂದು ಮಾದರಿ ಪ್ರಕರಣ

ಸದಸ್ಯರ ಚರ್ಚೆಗಾಗಿ ಒಂದು ಕಾಲ್ಪನಿಕ ಪ್ರಕರಣವನ್ನು ಇಲ್ಲಿ ಕೊಟ್ಟಿದೆ. ಒಂದು ಗ್ರಾಮದಲ್ಲಿ 12 ಕೊಠಡಿಗಳ ಶೀಟಿನ ವಠಾರವಿದೆ. ಮಾಲೀಕರು ಊರಿನ ಹಿರಿಯರು. ವಾರ್ಡಿನ ಸದಸ್ಯರಿಗೆ ದೂರದ ಸಂಬಂಧಿಕರು. ಪೈಪುಗಳು ಒಂದು ಸಾಲು ಬ್ಲಾಕಿನ ಮೇಲೆ ಕೂತಿವೆ. ಶೀಟಿನ ಮೇಲೆ ಕಲ್ಲುಗಳಿವೆ. ಹಿಂದಿನ ಕಾಂಪೌಂಡ್ ಗೋಡೆಗೆ ಒರಗಿಸಿ ಸ್ನಾನದ ಮನೆ ಕಟ್ಟಲಾಗಿದೆ. ಕಟ್ಟಡಕ್ಕೆ ಅನುಮತಿ ಪಡೆದಿಲ್ಲ. ಆರು ಕೊಠಡಿಗಳಲ್ಲಿ ಮಕ್ಕಳಿದ್ದಾರೆ.

ತಂಡ ಹೋದಾಗ ಮಾಲೀಕರು ಹೇಳುವ ಮೊದಲ ಮಾತು: “ಹದಿನೈದು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲವಲ್ಲ ಸ್ವಾಮಿ.” ಈ ಮಾತಿಗೆ ಉತ್ತರವಿದೆ. ಹದಿನೈದು ವರ್ಷದ ಹಿಂದೆ ಹುಕ್ಕಿಗೆ ತುಕ್ಕಿರಲಿಲ್ಲ. ಆಗ ಪಶ್ಚಿಮಕ್ಕೆ ನೀಲಗಿರಿ ತೋಪಿದ್ದು ಗಾಳಿಯನ್ನು ಮುರಿಯುತ್ತಿತ್ತು. ಈಗ ಅಲ್ಲಿ ಬಯಲು ಬಡಾವಣೆಯಿದೆ. ಕಟ್ಟಡ ಹಳೆಯದಾಗಿದೆ, ಗಾಳಿಯ ದಾರಿ ತೆರೆದಿದೆ.

ಬಾಡಿಗೆದಾರರು ಬಾಯಿ ಬಿಡುವುದಿಲ್ಲ. ಸೋರುತ್ತದೆಯೇ ಎಂದರೆ ಇಲ್ಲವೆನ್ನುತ್ತಾರೆ. ತಂತಿ ಜುಮ್ಮೆನ್ನುತ್ತದೆಯೇ ಎಂದರೆ ಅದಕ್ಕೂ ಇಲ್ಲವೆನ್ನುತ್ತಾರೆ. ದೂರು ಹೇಳಿದರೆ ಕೊಠಡಿ ಖಾಲಿ ಮಾಡಿಸುವರು, ಮುಂಗಡ ಹಣ ಹಿಂದಿರುಗದು ಎಂಬ ಭಯ ಅವರದು. ಆದ್ದರಿಂದ ಮಾಲೀಕರ ಎದುರಿನಲ್ಲಿ ಬಾಡಿಗೆದಾರರನ್ನು ಪ್ರಶ್ನಿಸಬಾರದು. ದೋಷವನ್ನು ತಂಡವೇ ಕಣ್ಣಾರೆ ಕಂಡು ದಾಖಲಿಸಬೇಕು. ಯಾರ ಹೆಸರಿನ ದೂರನ್ನೂ ಅವಲಂಬಿಸಬಾರದು.

ಮಾಲೀಕರಿಗೂ ಒಂದು ಭಯವಿದೆ. ಪರಿಶೀಲನೆಗೆ ಒಪ್ಪಿದರೆ ಅನುಮತಿಯಿಲ್ಲದ ವಿಷಯ ಹೊರಬೀಳುತ್ತದೆ ಎಂದು ಅವರು ಬಾಗಿಲು ತೆರೆಯಲು ಹಿಂಜರಿಯುತ್ತಾರೆ. ಇನ್ನು ಕೆಲವರು ಪರಿಶೀಲನಾ ಪತ್ರವನ್ನೇ ಖಾತೆಗೆ ಆಧಾರವಾಗಿ ಬಳಸಲು ನೋಡುತ್ತಾರೆ. ಎರಡಕ್ಕೂ ಉತ್ತರವಾಗಿ ನಮೂನೆಯ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಮುದ್ರಿಸುವುದು ಸೂಕ್ತ: “ಇದು ವಾಸಿಗಳ ಸುರಕ್ಷತೆಗಾಗಿ ನಡೆಸಿದ ಪರಿಶೀಲನೆ. ಇದು ಕಟ್ಟಡದ ಅನುಮತಿಯಲ್ಲ, ಖಾತೆಗೆ ಆಧಾರವಲ್ಲ, ಕಾನೂನಿನ ಇತರ ಕ್ರಮಗಳಿಂದ ವಿನಾಯಿತಿಯೂ ಅಲ್ಲ.” ಅನುಮತಿಯ ಪ್ರಶ್ನೆ ತನ್ನ ದಾರಿಯಲ್ಲಿ ಪ್ರತ್ಯೇಕವಾಗಿ ನಡೆಯಲಿ. ಅದು ಇತ್ಯರ್ಥವಾಗುವವರೆಗೆ ಗಾಳಿ ಕಾಯುವುದಿಲ್ಲ.

ಇಂತಹ ವಠಾರಕ್ಕೆ ಸೂಚಿಸಬಹುದಾದ ದುರಸ್ತಿ ಬಹಳ ದೊಡ್ಡದಲ್ಲ. ಮೊದಲು ಕಲ್ಲುಗಳನ್ನು ಇಳಿಸಿ, ಶೀಟಿಗೆ ಎಲ್ಲ ಪೈಪುಗಳ ಮೇಲೂ ವಾಷರ್ ಸಹಿತ ಸ್ಕ್ರೂ ಹಾಕಿಸಬೇಕು. ಈ ಎರಡು ಕೆಲಸಗಳ ನಡುವೆ ಒಂದು ರಾತ್ರಿಯೂ ಅಂತರವಿರಬಾರದು. ಎರಡನೆಯದಾಗಿ, ಪ್ರತಿ ಪೈಪಿನ ತುದಿಯನ್ನು ಗೋಡೆಯ ಕೆಳಸಾಲುಗಳಿಗೆ ಸರಳಿನಿಂದ ಬಿಗಿದು ಕಾಂಕ್ರೀಟ್ ತುಂಬಬೇಕು. ಎಷ್ಟು ಸಾಲು ಕೆಳಗೆ ಎಂಬುದನ್ನು ಇಂಜಿನಿಯರು ಹೇಳಬೇಕು. ಮೂರನೆಯದಾಗಿ, ಕಾಂಪೌಂಡ್ ಗೋಡೆಯ ಹಿಂದಿನ ಮಣ್ಣನ್ನು ತೆಗೆಸಿ ನೀರಿಗೆ ದಾರಿ ಮಾಡಿ, ಸ್ನಾನದ ಮನೆಯನ್ನು ಅಲ್ಲಿಂದ ಸ್ಥಳಾಂತರಿಸಬೇಕು. ನಾಲ್ಕನೆಯದಾಗಿ, ಸೋರಿಕೆ ವಿದ್ಯುತ್ ತಡೆಯುವ ಸಾಧನ ಅಳವಡಿಸಬೇಕು. ದುರಸ್ತಿಯ ವೆಚ್ಚ ಮಾಲೀಕರದು. ಅದನ್ನು ನೆಪವಾಗಿಸಿ ಬಾಡಿಗೆದಾರರನ್ನು ಹೊರಹಾಕದಂತೆ ಸದಸ್ಯರು ಮಾಲೀಕರೊಡನೆ ಮೊದಲೇ ಮಾತನಾಡಬೇಕು.

ಸಂಬಂಧಿಕರ ವಠಾರಕ್ಕೆ ನೋಟಿಸು ಕೊಡುವುದು ಸದಸ್ಯರಿಗೆ ಕಷ್ಟದ ಕೆಲಸ. ಊರಿನಲ್ಲಿ ಮುಖ ನೋಡಿ ಬದುಕಬೇಕಾದ ಸಂದರ್ಭವನ್ನು ಯಾರೂ ಅಲ್ಲಗಳೆಯಲಾಗದು. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಒಂದು ವಾರ್ಡಿನ ತಂಡಕ್ಕೆ ಮತ್ತೊಂದು ವಾರ್ಡಿನ ಸದಸ್ಯರನ್ನು ಸೇರಿಸುವುದು. ಎರಡು, ವಠಾರ ಹೊಂದಿರುವ ಸದಸ್ಯರು ಮೊದಲ ಪರಿಶೀಲನೆಗೆ ತಮ್ಮ ಕಟ್ಟಡವನ್ನೇ ಒಪ್ಪಿಸುವುದು. ಸದಸ್ಯರ ಛಾವಣಿಯ ಮೇಲೆ ಹೊಸ ಸ್ಕ್ರೂ ಕಂಡ ಮೇಲೆ ಉಳಿದವರಿಗೆ ಹೇಳುವುದು ಸುಲಭ.

9. ಗ್ರಾಮದ ಆಶ್ರಯ ಕಟ್ಟಡ

ಕೆಂಪು ವರ್ಗದ ಕೊಠಡಿಗಳಲ್ಲಿರುವವರು ಗಾಳಿಯ ಸೂಚನೆ ಬಂದಾಗ ಎಲ್ಲಿಗೆ ಹೋಗಬೇಕು? ಪ್ರತಿ ವಾರ್ಡಿಗೆ ಒಂದು ಶಾಲೆ, ಸಮುದಾಯ ಭವನ ಅಥವಾ ಪಂಚಾಯತಿ ಕಟ್ಟಡವನ್ನು ಆಶ್ರಯವೆಂದು ಮೊದಲೇ ಗೊತ್ತುಪಡಿಸಬೇಕು. ಆದರೆ ಸರ್ಕಾರಿ ಕಟ್ಟಡವೆಂಬ ಕಾರಣಕ್ಕೆ ಅದು ಸುರಕ್ಷಿತವೆಂದು ಭಾವಿಸಬಾರದು. 2013ರ ಮೇ 20ರಂದು ಅಮೆರಿಕದ ಒಕ್ಲಹೋಮ ರಾಜ್ಯದ ಮೂರ್ ನಗರಕ್ಕೆ ಸುಂಟರಗಾಳಿ ಅಪ್ಪಳಿಸಿದಾಗ ಪ್ಲಾಜಾ ಟವರ್ಸ್ ಪ್ರಾಥಮಿಕ ಶಾಲೆಯಲ್ಲಿ 7 ಮಕ್ಕಳು ಮೃತಪಟ್ಟರು. ಆ ಶಾಲೆಯಲ್ಲಿ ಆಶ್ರಯ ಕೊಠಡಿ ಇರಲಿಲ್ಲ. ಅಲ್ಲಿನ ಗಾಳಿಗೂ ಇಲ್ಲಿನ ಗಾಳಿಗೂ ಹೋಲಿಕೆಯಿಲ್ಲ. ಆದರೆ ಜನರನ್ನು ಸೇರಿಸುವ ಕಟ್ಟಡವೇ ಮೊದಲು ಪರೀಕ್ಷೆಗೆ ಒಳಗಾಗಬೇಕೆಂಬ ಪಾಠ ಎರಡೂ ಕಡೆ ಒಂದೇ.

ಆಶ್ರಯಕ್ಕೆ ಕಾಂಕ್ರೀಟ್ ಛಾವಣಿಯ ಕಟ್ಟಡವನ್ನೇ ಆರಿಸಬೇಕು. ತಾರಸಿಯಿಂದ ಗಾರೆ ಉದುರಿ ಕಬ್ಬಿಣ ಕಾಣುತ್ತಿದ್ದರೆ ಅದನ್ನು ಕೈಬಿಡಬೇಕು. ದಾರಿಯಲ್ಲಿ ರಾಜಕಾಲುವೆ ಅಥವಾ ತಗ್ಗಿನ ಕೆಳಸೇತುವೆ ಇರಬಾರದು. ಕೀಲಿಯ ಎರಡು ಪ್ರತಿಗಳು ಇಬ್ಬರು ಬೇರೆಬೇರೆ ವ್ಯಕ್ತಿಗಳ ಬಳಿ ಇರಬೇಕು. ಕುಡಿಯುವ ನೀರು, ಶೌಚಾಲಯ, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಸಿದ್ಧವಿರಬೇಕು.

10. ಗಾಳಿ ಎದ್ದಾಗ ಮತ್ತು ಇಳಿದ ಮೇಲೆ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮುನ್ಸೂಚನೆಗಳನ್ನೂ, ಸಿಡಿಲಿನ ಮುನ್ನೆಚ್ಚರಿಕೆ ನೀಡುವ ದಾಮಿನಿ ಮತ್ತು ಸಿಡಿಲು ಆ್ಯಪ್‌ಗಳನ್ನೂ ಕನಿಷ್ಠ ಪ್ರತಿ ವಾರ್ಡಿನ ಸದಸ್ಯರು ಮತ್ತು ನೀರುಗಂಟಿ ಗಮನಿಸುತ್ತಿರಬೇಕು. ಗುಡುಗು ಕೇಳಿದೊಡನೆ ಮರದಡಿ, ಶೀಟಿನ ಚಾಚಿನಡಿ, ಕಾಂಪೌಂಡ್ ಗೋಡೆಯ ಪಕ್ಕ ನಿಲ್ಲಬಾರದು. ಗಾಳಿಗೆ ಎದುರಾದ ಬಾಗಿಲು, ಕಿಟಕಿಗಳನ್ನು ಮುಚ್ಚಬೇಕು. ಶೀಟು ಏಳುತ್ತಿದೆಯೆಂದು ಹಿಡಿಯಲು ಛಾವಣಿ ಹತ್ತಬಾರದು. ಕೊಠಡಿಗೆ ನೀರು ನುಗ್ಗಿದರೆ ಒಣ ಸ್ಥಳದಲ್ಲಿ ನಿಂತು ಮುಖ್ಯ ಸ್ವಿಚ್ ಆರಿಸಬೇಕು. ಫಲಕವೇ ನೀರಿನಲ್ಲಿದ್ದರೆ ಮುಟ್ಟದೆ ಬೆಸ್ಕಾಂನ 1912ಕ್ಕೆ ಕರೆ ಮಾಡಬೇಕು. ತುರ್ತು ನೆರವಿಗೆ 112.

ಗಾಳಿ ಇಳಿದ ಮೇಲೆ ತುಂಡಾದ ತಂತಿ, ವಾಲಿದ ಗೋಡೆ ಇರುವ ಸ್ಥಳಕ್ಕೆ ಹಗ್ಗ ಕಟ್ಟಿ ಜನರನ್ನು ದೂರವಿಡಬೇಕು. ಹಾನಿಯ ಛಾಯಾಚಿತ್ರ ತೆಗೆದ ನಂತರವೇ ಅವಶೇಷ ತೆರವುಗೊಳಿಸಬೇಕು. ಪರಿಹಾರಕ್ಕಾಗಿ ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆಗೆ ಅದು ಆಧಾರವಾಗುತ್ತದೆ. ಹಾನಿಗೊಂಡ ಕಟ್ಟಡಕ್ಕೆ ಮರುಪರಿಶೀಲನೆಯಿಲ್ಲದೆ ಜನ ಹಿಂದಿರುಗದಂತೆ ನೋಡಿಕೊಳ್ಳಬೇಕು.

11. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

(1) ನಮ್ಮ ಪಂಚಾಯತಿಯಲ್ಲಿ ಶೀಟು ಛಾವಣಿಯ ಬಾಡಿಗೆ ಕೊಠಡಿಗಳು ಎಷ್ಟು? ಅವುಗಳಲ್ಲಿ ತೆರಿಗೆ ಪುಸ್ತಕದಲ್ಲಿ ಇಲ್ಲದವು ಎಷ್ಟು?

(2) ಶಾಲೆ, ಅಂಗನವಾಡಿ ಮತ್ತು ಪಂಚಾಯತಿ ಕಚೇರಿಯ ಕಾಂಪೌಂಡ್ ಗೋಡೆಗಳನ್ನು ಕೊನೆಯದಾಗಿ ಪರಿಶೀಲಿಸಿದ್ದು ಯಾವಾಗ?

(3) ಹಳದಿ ವರ್ಗದ ನೋಟಿಸು ಪಡೆದ ಮಾಲೀಕರು 15 ದಿನಗಳಲ್ಲಿ ದುರಸ್ತಿ ಮಾಡದಿದ್ದರೆ ಸಭೆ ಯಾವ ಕ್ರಮ ಕೈಗೊಳ್ಳುವುದು?

(4) ಕೆಂಪು ವರ್ಗದ ಕೊಠಡಿಗಳಲ್ಲಿರುವ ಕುಟುಂಬಗಳನ್ನು ಯಾವ ಕಟ್ಟಡಕ್ಕೆ ಕರೆದೊಯ್ಯಲಾಗುವುದು? ರಾತ್ರಿ ಹತ್ತು ಗಂಟೆಗೆ ಅದರ ಕೀಲಿ ಯಾರ ಬಳಿ ಇರುತ್ತದೆ?

(5) ಮೊದಲ ಪರಿಶೀಲನೆಗೆ ತಮ್ಮ ಕಟ್ಟಡವನ್ನು ಒಪ್ಪಿಸುವ ಸದಸ್ಯರು ಯಾರು?

ಈ ಪ್ರಶ್ನೆಗಳಿಗೆ ಸಭೆಯಲ್ಲಿ ದೊರೆತ ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ವಾರ್ಡುವಾರು ಪಟ್ಟಿಯೊಡನೆ ತಾಲ್ಲೂಕು ಪಂಚಾಯತಿಗೆ ಸಲ್ಲಿಸುವುದು. ಐದನೇ ಪ್ರಶ್ನೆಗೆ ಹೆಸರು ದಾಖಲಾದ ದಿನದಿಂದಲೇ ಮೊದಲ ಸುತ್ತಿನ ಪರಿಶೀಲನೆ ಆರಂಭಿಸಬಹುದು.